ಮೂರನೇ ಮಗ್ಗದ ಹಾಜರಿ

ಹೋದ ವಾರ ರಬಕವಿಯಲ್ಲಿ ಒಂದು ಲಗ್ನಪತ್ರಿಕೆ ಕೊಟ್ಟು ತಿರುಗಿ ಬರುವಾಗ ಪವರ್‌ಲೂಮುಗಳ ಓಣಿಯೊಳಗೆ ಸ್ಕೂಟರ್ ತಿರುಗಿಸಿದೆ. ಆ ಓಣಿಯಲ್ಲಿ ಹಾರ್ನ್ ಹೊಡೆದು ಪ್ರಯೋಜನವಿಲ್ಲ. ಎರಡೂ ಬದಿಗೆ ಮಗ್ಗಗಳು ಖಟಖಟ ಬಡಿಯುತ್ತಿರುತ್ತವೆ, ನಮ್ಮ ಹಾರ್ನು ನಮಗೇ ಕೇಳಿಸುವುದಿಲ್ಲ. ಅರ್ಧ ಓಣಿ ದಾಟಿದ್ದೆ, ಕರೆಂಟು ಹೋಯಿತು. ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತವು. ಬಾಗಿಲುಗಳಿಂದ ನೂಲಿಗೆ ಹಚ್ಚುವ ಗಂಜಿಯ ಮತ್ತು ಯಂತ್ರದ ಎಣ್ಣೆಯ ವಾಸನೆ ಹೊರಗೆ ಬಂತು. ನೇಕಾರನೊಬ್ಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸುತ್ತ ಹೊಸ್ತಿಲಿಗೆ ಬಂದು ನಿಂತು, ಎದುರು ಬಾಗಿಲಲ್ಲಿ ನಿಂತವನಿಗೆ ಕೈಯಲ್ಲಿ ಏನೋ ಕೇಳಿದ. ಅವನು ಕೈಯಲ್ಲೇ ಉತ್ತರ ಕೊಟ್ಟ. ಪಿಸುಗುಟ್ಟಿದರೂ ಕೇಳುವಷ್ಟು ನಿಶ್ಶಬ್ದವಿದ್ದಾಗಲೂ ಅವರಿಬ್ಬರೂ ಬಾಯಿಯಿಂದ ದನಿ ಹೊರಡಿಸಲಿಲ್ಲ.

ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತೆ. ಮೂರು ವರ್ಷದ ಹಿಂದಿನ ಆ ಬೇಸಿಗೆ, ಯುಗಾದಿಯಿಂದ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆಯವರೆಗಿನದು, ಅಷ್ಟೂ ಕಣ್ಣ ಮುಂದೆ ಬಂತು. ಆ ಬೇಸಿಗೆಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಗಿಂತ ಹೆಚ್ಚು ದಿಗಿಲಾಗುತ್ತದೆ. ಒಬ್ಬ ಮನುಷ್ಯನ ಜೊತೆ ಒಂದೇ ಸೂರಿನ ಕೆಳಗೆ ಐವತ್ತೈದು ವರ್ಷ ಬದುಕಿ, ಅವನ ಬಗ್ಗೆ ಇಷ್ಟು ಗೊತ್ತಿಲ್ಲದೆ ಇರಲು ಸಾಧ್ಯವೇ?

ಆ ಮನುಷ್ಯ ನನ್ನ ಅಪ್ಪ, ಮಲ್ಲಪ್ಪ. ಬನಹಟ್ಟಿಯ ಒಂದೇ ಕಾರ್ಖಾನೆಯಲ್ಲಿ ಮೂರನೇ ನಂಬರಿನ ಮಗ್ಗದ ಮುಂದೆ ನಲವತ್ತು ವರ್ಷ ನಿಂತು ಸೀರೆ ನೇಯ್ದವನು. ಆ ಸದ್ದು ಅವನ ಕಿವಿಗಳನ್ನು ತಿಂದುಹಾಕಿತು. ಮೊದಮೊದಲು ಜೋರಾಗಿ ಹೇಳಿದರೆ ಕೇಳುತ್ತಿತ್ತು. ಆಮೇಲೆ ಕೂಗಬೇಕಾಯಿತು. ಕಡೆಗೆ ಪಟಾಕಿ ಹೊಡೆದರೂ ತಿರುಗಿ ನೋಡದಂಥ ಸ್ಥಿತಿಗೆ ಬಂದ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡು, "ಬರೇ ಗೊಂಯ್ ಅಂತೈತಿ, ತಗೀರಿ ಅತ್ಲಾಗ" ಎಂದು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕಕ್ಕೆ ಇಟ್ಟ. ಅದು ಈಗಲೂ ಅಲ್ಲೇ ಇದೆ.

ನಾನೋ, ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಲೈನ್ ರಿಪೇರಿ ಮಾಡಿದವನು. ಜಮಖಂಡಿ, ಮುಧೋಳ, ಬೀಳಗಿ, ಈ ಮೂರೂ ಕಡೆ ನಾನು ಹತ್ತದ ಕಂಬವಿಲ್ಲ. ಮಾತು ಎಂದರೆ ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕಿವಿಗೆ ಮುಟ್ಟುವುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೀಗಾಗಿ ಅಪ್ಪನಿಗೆ ಏನಾದರೂ ಹೇಳಬೇಕಾದರೆ ಪಕ್ಕದಲ್ಲಿ ಕುಳಿತು, ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದೆ. ಅಪ್ಪ ಮುಖ ನನ್ನ ಕಡೆ ತಿರುಗಿಸುತ್ತಿದ್ದ. ನಾನು ಅವನ ಗಲ್ಲ ಹಿಡಿದು ಕಿವಿಯನ್ನು ಮತ್ತೆ ನನ್ನ ಬಾಯಿಗೆ ತಂದುಕೊಳ್ಳುತ್ತಿದ್ದೆ. ಅವನು ಮತ್ತೆ ತಿರುಗುತ್ತಿದ್ದ. "ಮುದುಕಗ ಹಟಾ ಎಷ್ಟೈತಿ ನೋಡು" ಎಂದು ಹೆಂಡತಿಗೆ ಹೇಳಿ ನಾನು ಎದ್ದುಬಿಡುತ್ತಿದ್ದೆ.

ಅವ್ವ ಇರುವವರೆಗೆ ಈ ತೊಂದರೆ ಅಷ್ಟಾಗಿ ಗೊತ್ತಾಗಿರಲಿಲ್ಲ. ಅವ್ವ ಅಪ್ಪನ ಹತ್ತಿರ ಒಂದು ದಿನವೂ ಕೂಗಿದ್ದು ನನಗೆ ನೆನಪಿಲ್ಲ. ಅಪ್ಪ ಊಟಕ್ಕೆ ಕುಳಿತಾಗ ಅವಳು ಎದುರಿಗೆ ಕುಳಿತು ರೊಟ್ಟಿ ಬಡಿಯುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಯಾವುದೋ ದೇವರ ಸ್ತೋತ್ರ ಇರಬೇಕು ಅಂದುಕೊಂಡಿದ್ದೆ. ಆ ಬೇಸಿಗೆಗೆ ಆರು ವರ್ಷ ಮೊದಲು ಅವಳು ತೀರಿಕೊಂಡಳು. ಆಮೇಲೆ ಅಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂಡುವುದನ್ನು ಶುರು ಮಾಡಿದ. ಒಂದು ರೊಟ್ಟಿ ಅರ್ಧ ರೊಟ್ಟಿಯಾಯಿತು. ಸ್ನಾನ ಎರಡು ದಿನಕ್ಕೊಮ್ಮೆ ಆಯಿತು. ಡಾಕ್ಟರು ಎಲ್ಲ ನೋಡಿ, ರೋಗ ಏನೂ ಇಲ್ಲ ಎಂದರು. ಅಪ್ಪ ಕೂತಲ್ಲೇ ಸವೆಯುತ್ತಿದ್ದ.

ನನ್ನ ಹೆಂಡತಿ ಶಾರದಾ ಕೆಟ್ಟವಳಲ್ಲ. ಮಾವನಿಗೆ ಬಿಸಿ ರೊಟ್ಟಿಯನ್ನೇ ಬಡಿಸಿದವಳು. ನಾನೂ ಕೆಟ್ಟವನಲ್ಲ ಅಂತಲೇ ಆಗ ನನ್ನ ಲೆಕ್ಕ. ಆದರೆ ಕಿವಿ ಕೇಳದವರು ಮನೆಯಲ್ಲಿದ್ದರೆ ಉಳಿದವರ ನಾಲಿಗೆ ಸಡಿಲಾಗುತ್ತದೆ. ಅಪ್ಪ ಎದುರಿಗೇ ಕುಳಿತಿರುವಾಗ ನಾವಿಬ್ಬರೂ ಅವನ ಬಗ್ಗೆ, ಅವನ ಹಾಸಿಗೆಯ ಬಗ್ಗೆ, ಅವನ ಕೆಮ್ಮಿನ ಬಗ್ಗೆ ಎಗ್ಗಿಲ್ಲದೆ ಮಾತಾಡುತ್ತಿದ್ದೆವು. ಒಂದು ಮುಂಜಾನೆ ಚಹಾ ಕುಡಿಯುತ್ತ ನಾನು, "ಇದು ಇನ್ನ ಎಷ್ಟ ದಿನಾ ಎಳೀತೈತೋ ಏನೋ" ಅಂದೆ. ಬೇಸರದ ಮಾತು. ಅಪ್ಪ ನನ್ನ ಎದುರಿಗೇ ಕಪ್ಪು ಹಿಡಿದು ಕುಳಿತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನಿಗೆ ಒಂದು ಬಿಸ್ಕೀಟು ಕೊಟ್ಟೆ, ತೆಗೆದುಕೊಂಡ.

ಯುಗಾದಿಗೆ ಮಗಳು ಪಲ್ಲವಿ ಬಂದಳು. ಅವಳು ಮುಧೋಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ತಾನು ಹೊಸ ಫೋನು ತೆಗೆದುಕೊಂಡಿದ್ದಳು, ಹಳೆಯದನ್ನು ಅಜ್ಜನ ಕೈಗೆ ಕೊಟ್ಟಳು. ನಾನು ಬಿದ್ದು ಬಿದ್ದು ನಕ್ಕೆ. "ಕಿವಿ ಕೇಳದ ಮನಷ್ಯಾಗ ಫೋನ್ ಯಾಕವಾ? ಕುರುಡಗ ಕನ್ನಡಿ ಕೊಡತಿಯೇನು?" ಅಂದೆ. ಅವಳು ಮುಖ ಸಣ್ಣದು ಮಾಡಿಕೊಂಡು, "ಇರಲಿ ಬಿಡ್ರಿ ಅಪ್ಪಾ, ಫೋಟೋ ನೋಡಲಿ" ಅಂದಳು. ನಂತರ ಹಿಂದಿನ ಕೋಣೆಯಲ್ಲಿ ಅಜ್ಜನ ಜೊತೆ ಕುಳಿತು ಏನೇನೋ ಒತ್ತಿ ತೋರಿಸಿದಳು. ನಾನು ನಕ್ಕಿದ್ದಕ್ಕೋ ಏನೋ, ಅದೇನು ಎಂದು ನನಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ಯಾವುದೋ ತರಬೇತಿಗೆಂದು ಧಾರವಾಡಕ್ಕೆ ಹೋದಳು.

ಅಲ್ಲಿಂದ ಅಪ್ಪ ಬದಲಾದ. ಮುಂಜಾನೆ ಎಂಟಕ್ಕೆ ಸ್ನಾನ. ಗಡ್ಡ ತಾನೇ ಕೆರೆದುಕೊಳ್ಳುವುದು. ಒಗೆದ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ಗಡಿಯಾರದಲ್ಲಿ ಹತ್ತು ಹೊಡೆಯುವಷ್ಟರಲ್ಲಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೂಡಿದರೆ, ಹೊರಗೆ ಬರುವುದು ಹನ್ನೊಂದಕ್ಕೆ. ಬಂದವನೇ ಎರಡು ರೊಟ್ಟಿ ತಿನ್ನುತ್ತಿದ್ದ, ಮೇಲೆ ಮಜ್ಜಿಗೆ ಕೇಳುತ್ತಿದ್ದ. ಒಂದು ದಿನ ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆಯನ್ನು ಕಾಯಲು ತಾನೇ ಕೋಲು ಹಿಡಿದು ಕುಳಿತ. ನನಗೆ ಸಂತೋಷವೇ ಆಯಿತು. ಶಾರದಾಳಿಗೆ ಮಾತ್ರ ಅನುಮಾನ.

"ರೀ, ಮಾವಾರು ದಿನಾ ಟೊಪಗಿ ಹಾಕ್ಕೊಂಡು ಎಲ್ಲಿ ಹೊಂಟಾರ?"

"ಎಲ್ಲಿ ಹೋಗತಾರ? ಕ್ವಾಣ್ಯಾಗ ಅದಾರ."

"ಅದ ಕೇಳಾಕತ್ತೇನಿ. ಕ್ವಾಣ್ಯಾಗ ಹೋಗಾಕ ಟೊಪಗಿ ಯಾಕ?"

ಆ ಪ್ರಶ್ನೆ ನನ್ನ ತಲೆಯೊಳಗೂ ಹೊಕ್ಕಿತು. ಮರುದಿನ ಹತ್ತೂಕಾಲಿಗೆ ಹಿತ್ತಲಿಗೆ ಹೋಗಿ ಕೋಣೆಯ ಕಿಟಕಿಯಿಂದ ಇಣುಕಿದೆ. ಅಪ್ಪ ಚಾಪೆಯ ಮೇಲೆ ಕುಳಿತಿದ್ದ. ಎದುರಿಗೆ ತಾಮ್ರದ ತಂಬಿಗೆಗೆ ಆನಿಸಿ ಫೋನು ನಿಲ್ಲಿಸಿದ್ದ. ಅದರೊಳಗೆ ಒಬ್ಬ ಮುದುಕಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಅವಳು ಬೆರಳನ್ನು ಗರಗರ ತಿರುಗಿಸಿದಳು. ಅಪ್ಪ ಎದೆ ಮುಟ್ಟಿಕೊಂಡು ಮೂರು ಬೆರಳು ಎತ್ತಿದ. ಅವಳು ಕೈಯನ್ನು ಬಾಯಿಗೆ ಒಯ್ದು ಏನೋ ಕೇಳಿದಳು, ಅಪ್ಪ ಎರಡು ಅಂಗೈಗಳನ್ನು ತಟ್ಟಿ ತೋರಿಸಿದ. ಒಂದು ಚೂರೂ ಸದ್ದಿಲ್ಲ. ಆಮೇಲೆ ಅಪ್ಪ ತನ್ನ ತಲೆಯ ಸುತ್ತ ಕೈ ಸುತ್ತಿಸಿ ಕಣ್ಣು ಅಗಲಿಸಿದ, ಇಬ್ಬರೂ ನಗತೊಡಗಿದರು. ಅಪ್ಪ ಮೈಯೆಲ್ಲ ಕುಲುಕಿಸಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದ.

ನಾನು ಕಿಟಕಿಯ ಸರಳು ಹಿಡಿದೇ ನಿಂತೆ. ಅವ್ವ ಹೋದ ಮೇಲೆ ಅಪ್ಪ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆ ನಗು ನೋಡಿ ಸಂತೋಷ ಪಡಬೇಕಿತ್ತಲ್ಲವೇ? ನನಗೆ ಹೆದರಿಕೆ ಬಂತು. ಅದರ ಹಿಂದೆಯೇ ಸಿಟ್ಟು. ಎಪ್ಪತ್ತಾರು ವರ್ಷದ ಮುದುಕ, ಯಾವಳೋ ಹೆಂಗಸು, ಬಾಗಿಲು ಮುಂದೂಡಿದ ಕೋಣೆ! ಸ್ವಲ್ಪ ದಿನದ ಹಿಂದೆ ಜಮಖಂಡಿಯಲ್ಲಿ ನಮ್ಮ ಪಿಂಚಣಿದಾರರ ಸಭೆಯಲ್ಲಿ ಒಬ್ಬರು, ವಿಡಿಯೋ ಕಾಲಿನಲ್ಲಿ ಹೆಂಗಸಿನ ಮುಖ ತೋರಿಸಿ ವಯಸ್ಸಾದವರನ್ನು ಹೇಗೆ ಬಲೆಗೆ ಕೆಡವುತ್ತಾರೆ ಎಂದು ಅರ್ಧ ಗಂಟೆ ವಿವರಿಸಿದ್ದರು. ಅದೆಲ್ಲ ನೆನಪಿಗೆ ಬಂತು. ಅಪ್ಪ ಮಾಡುತ್ತಿದ್ದ ಆ ಸನ್ನೆಗಳಲ್ಲಿ ಕೆಲವನ್ನು ನಾನು ಚಿಕ್ಕಂದಿನಲ್ಲಿ ಕಾರ್ಖಾನೆಗೆ ಬುತ್ತಿ ಒಯ್ದಾಗ ಕಂಡಿದ್ದೆ. ತಲೆಯ ಸುತ್ತ ಕೈ ಸುತ್ತಿಸಿದರೆ ತಲೆಗೆ ಪಟಗ ಸುತ್ತಿದ ಕಾರ್ಖಾನೆಯ ಸಾವ್ಕಾರ ಬಂದ, ಮಾತು ಬಿಟ್ಟು ಕೆಲಸ ನೋಡು ಎಂದು ಅರ್ಥ. ಅಷ್ಟು ಗೊತ್ತಿದ್ದೂ, ಆ ದಿನ ಕಿಟಕಿಯಲ್ಲಿ ನಿಂತಾಗ ಅದು ನನ್ನ ತಲೆಗೆ ಹೊಳೆಯಲಿಲ್ಲ. ಕಣ್ಣಿಗೆ ಸಿಟ್ಟು ಅಡರಿತ್ತು.

ಪಲ್ಲವಿಗೆ ಒಂದು ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಗಳ ಹತ್ತಿರ ಅಜ್ಜನ ಇಂಥ ಸುದ್ದಿಯನ್ನು ಯಾವ ಬಾಯಿಂದ ಕೇಳುವುದು? ಅಂದೇ ಮಧ್ಯಾಹ್ನ ಅಪ್ಪ ಮಲಗಿದಾಗ ಫೋನು ಎತ್ತಿಕೊಂಡೆ. ಎದ್ದ ಮೇಲೆ ಅವನು ಹಾಸಿಗೆ ಕೊಡವಿ ಹುಡುಕುತ್ತಿದ್ದಾಗ, ಕಿವಿಗೆ ಬಾಯಿ ಹಚ್ಚಿ, "ಕೆಟ್ಟಿತ್ತು! ರಿಪೇರಿಗೆ ಕೊಟ್ಟೇನಿ!" ಎಂದು ಕೂಗಿದೆ. ಅವನಿಗೆ ತಿಳಿಯಲಿಲ್ಲವೆಂದು ಮಗಳ ಹಳೆಯ ಪಾಟಿಯ ಮೇಲೆ ಬರೆದೂ ತೋರಿಸಿದೆ. ಅಪ್ಪ ಮೂರನೆಯ ಇಯತ್ತೆಯವರೆಗೆ ಓದಿದವನು, ಅಕ್ಷರದ ಮೇಲೆ ಬೆರಳಿಟ್ಟು ಓದಿದ, ತಲೆ ಆಡಿಸಿದ. ಆಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಶಾರದಾಳಿಗೆ, "ಅವ್ವನ ಟ್ರಂಕಿನ್ಯಾಗ ಇಟ್ಟೇನಿ, ಕೀಲಿ ದೇವರ ಗೂಡಿನ್ಯಾಗ ಐತಿ. ಪಲ್ಲವಿ ಕೇಳಿದರ ರಿಪೇರಿ ಅನ್ನು" ಅಂದೆ. ಅಪ್ಪ ಕಂಬಕ್ಕೆ ಆನಿಕೊಂಡು ನಮ್ಮನ್ನೇ ನೋಡುತ್ತಿದ್ದ.

ಮರುದಿನವೂ ಅಪ್ಪ ಸ್ನಾನ ಮಾಡಿ ಟೊಪ್ಪಿಗೆ ಹಾಕಿಕೊಂಡ. ಹತ್ತಕ್ಕೆ ಕೋಣೆಗೆ ಹೋಗಿ ತಂಬಿಗೆಯ ಮುಂದೆ ಕುಳಿತು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದ. ನಾಲ್ಕನೆಯ ದಿನ ಟೊಪ್ಪಿಗೆ ಹಾಕಲಿಲ್ಲ. ಆರನೆಯ ದಿನ ಸ್ನಾನ ಬಿಟ್ಟ. ರೊಟ್ಟಿ ಮತ್ತೆ ಅರ್ಧಕ್ಕೆ ಇಳಿಯಿತು, ಒಂದು ದಿನ ಅದನ್ನೂ ದನಕ್ಕೆ ಹಾಕಿ ಅಂದ. ಸೆಕೆಗೆ ಓಣಿಯ ನಾಯಿಗಳೂ ಗಟಾರದ ನೆರಳು ಬಿಟ್ಟು ಏಳದ ದಿನಗಳು ಅವು. ಶಾರದಾ ಮೆತ್ತಗೆ, "ಕೊಟ್ಟ ಬಿಡ್ರಿ ಅದನ್ನ" ಅಂದಳು. "ಹೆಸರ ಕೆಡಿಸಿಕೋಳೂದಕ್ಕಿಂತ ಉಪಾಸ ಇರೂದು ಪಾಡು" ಎಂದು ನಾನು ಗದರಿದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಅಸಹ್ಯವಾಗಿ ಕಾಣುತ್ತಿದೆ. ಆ ಮಾತು ನನ್ನದೇ.

ಹನ್ನೆರಡನೆಯ ದಿನ, ಮುಂಜಾನೆ ಹತ್ತರ ಸುಮಾರಿಗೆ ಓಣಿಯ ತುದಿಯಿಂದ ಅಳು ಕೇಳಿಸಿತು. ಹೆಣದ ಮನೆಗೆ ಬರುವ ಹೆಂಗಸರು ಅಳುವ ರಾಗದ ಅಳು. ಯಾರ ಮನೆಯಲ್ಲಿ ಏನಾಯಿತು ಎಂದು ನಾನು ಹೊಸ್ತಿಲಿಗೆ ಬಂದೆ. ಆ ಅಳು ನಮ್ಮ ಮನೆಯ ಕಡೆಗೇ ಬಂತು. ಬಿಳಿ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತ ಮುದುಕಿಯೊಬ್ಬಳು, "ನನ್ನ ಅಣ್ಣಾ, ಮೂರನೇ ಮಗ್ಗದ ದೊರಿಯೇ" ಎಂದು ಎದೆ ಬಡಿದುಕೊಳ್ಳುತ್ತ ನಮ್ಮ ಮೆಟ್ಟಿಲು ಹತ್ತಿದಳು. ಫೋನಿನೊಳಗೆ ಕಂಡ ಅದೇ ಮುಖ. ಅವಳ ಗಂಟನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬೇಕಾದವರು ಬುತ್ತಿ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಅವಳು ಅಪ್ಪನ ಸಾವಿಗೆ ಬುತ್ತಿ ತಂದಿದ್ದಳು.

ಅಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕುಳಿತಿದ್ದ.

ಅವಳು ಅವನನ್ನು ನೋಡಿದಳು. ಅಳು ಅರ್ಧಕ್ಕೆ ನಿಂತಿತು. ಬುತ್ತಿಯ ಗಂಟು ಜಾರಿ ನೆಲಕ್ಕೆ ಬಿತ್ತು. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು, ಇಡೀ ಓಣಿಗೆ ಕೇಳುವಂತೆ, "ಯವ್ವಾ! ಇಂವಾ ಜೀವಂತ ಅದಾನ!" ಅಂದಳು. ಅಪ್ಪ ಗಂಟನ್ನು ನೋಡಿದ, ಅವಳನ್ನು ನೋಡಿದ, ವಿಷಯ ತಿಳಿದು ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ನಾಲ್ಕು ಬೆರಳು ಎತ್ತಿದಳು. ಆಮೇಲೆ ಮಗ್ಗ ನಿಲ್ಲಿಸುವಾಗ ಹಿಡಿಕೆ ಎಳೆಯುತ್ತಾರಲ್ಲ, ಹಾಗೆ ಮುಷ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅವನು ತಾನೂ ನಾಲ್ಕು ಬೆರಳು ಎತ್ತಿ, ಖರೆನಾ ಅನ್ನುವಂತೆ ನೋಡಿದ. ಅವಳು ಮತ್ತೆ ಮುಷ್ಟಿ ಎಳೆದಳು.

ನನಗೆ ಏನೂ ಅರ್ಥವಾಗಲಿಲ್ಲ. ನಾನು ಅವಳ ಪಕ್ಕಕ್ಕೆ ಕುಳಿತು, ಅಭ್ಯಾಸಬಲದಿಂದ ಕಿವಿಗೆ ಬಾಯಿ ಹಚ್ಚಿ, "ಯಾರ ಬೇ ಯವ್ವಾ ನೀ?" ಎಂದು ಕೂಗಿದೆ. ಅವಳು ನನ್ನ ಗದ್ದಕ್ಕೆ ಅಂಗೈ ಹಚ್ಚಿ ಮುಖವನ್ನು ಹಿಂದಕ್ಕೆ ದೂಡಿದಳು.

"ಕಿವ್ಯಾಗ ಯಾಕ ಬಾಯಿ ತುರಕತಿ ತಮ್ಮಾ? ನನಗೇನ ಕಿವಿ ಅದಾವು? ಮುಂದ ಕೂಡು. ಮಾರಿ ತೋರಿಸಿ ಮಾತಾಡು, ತುಟಿ ಕಾಣಬೇಕು."

ನಾನು ಎದುರಿಗೆ ಕುಳಿತೆ. ದನಿ ಏರಿಸದೆ, "ನಿಮಗ ತುಟಿ ನೋಡಿದರ ತಿಳೀತೈತೇನ್ರಿ?" ಅಂದೆ.

"ಮಗ್ಗದ ಸಪ್ಪಳದಾಗ ಮೂವತ್ತ ವರ್ಷ ದುಡದೀನೋ. ಅಲ್ಲಿ ಯಾರಿಗೆ ಯಾರ ದನಿ ಕೇಳತೈತಿ? ಎಲ್ಲಾರೂ ತುಟಿನ ಓದೂದು. ಕೈಗಿ ಕೆಲಸ ಇಲ್ಲದಾಗ ಕೈಲೆ, ಕೈಗಿ ಕೆಲಸ ಇದ್ದಾಗ ತುಟೀಲೆ."

ಮುಂದಿನ ಪ್ರಶ್ನೆ ಕೇಳುವುದೇ ಬೇಡ ಅನ್ನಿಸಿತು, ಆದರೂ ಕೇಳಿದೆ. "ಅಪ್ಪಗೂ ತಿಳೀತೈತಿ?"

"ನಿಮ್ಮಪ್ಪಗ?" ಅವಳು ಕಣ್ಣೀರಿನಲ್ಲೇ ನಕ್ಕಳು. "ಅಂವಾ ನಮ್ಮೆಲ್ಲಾರಕಿಂತ ಶಾಣ್ಯಾ. ನಾಕ ಮಗ್ಗದ ಆಚೆ ನಿಂತವರು ಬೈದದ್ದೂ ಅವಗ ತಿಳೀತಿತ್ತು. ನೀವು ಗಂಡಾಹೆಂತಿ ಆಡೂದೆಲ್ಲಾ ನಮಗ ದಿನಾ ಹೇಳತಾನಲ್ಲ. 'ಇನ್ನ ಎಷ್ಟ ದಿನಾ ಎಳೀತೈತೋ' ಅಂದಿಯಂತಲ್ಲ ನೀ. ಹೇಳಿ ಹೇಳಿ ನಗಾಡಿದ. ನಾನ ಬೈದೆ, ಮಗಾ ಹಂಗ ಅಂದರ ನಗತಿಯೇನೋ ಅಂತ."

ಅವಳಿಗೆ ತನ್ನ ದನಿ ಎಷ್ಟು ದೊಡ್ಡದಿದೆ ಎಂದು ಗೊತ್ತಾಗುತ್ತಿರಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದಿದ್ದರು. ಓಣಿಯಲ್ಲಿ ಹೆಸರು ಕೆಡುತ್ತದೆ ಎಂದು ಫೋನು ಬಚ್ಚಿಟ್ಟವನು ನಾನು. ಶಾರದಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಿಂತಿದ್ದಳು. ನನ್ನ ತಲೆಯೊಳಗೆ ಆರು ವರ್ಷದ ಮಾತುಗಳೆಲ್ಲ ಒಂದೊಂದಾಗಿ ಏಳತೊಡಗಿದವು. ಅಪ್ಪನಿಗೆ ಗೊತ್ತಾಗಲಿ ಎಂದು ಹೇಳಿದ್ದನ್ನೆಲ್ಲ ನಾನು ಅವನ ಕಿವಿಯ ಹತ್ತಿರ, ತುಟಿ ಕಾಣದಂತೆ ಹೇಳಿದ್ದೆ. ಅವನಿಗೆ ಗೊತ್ತಾಗಬಾರದ್ದನ್ನೆಲ್ಲ ಎದುರಿಗೆ ಕುಳಿತು, ಮುಖ ಕೊಟ್ಟು, ಬಿಡಿಸಿ ಬಿಡಿಸಿ ಆಡಿದ್ದೆ. ಕೂಗುವಾಗ ಅವನು ಯಾಕೆ ಮುಖ ತಿರುಗಿಸುತ್ತಿದ್ದ ಎಂದು ಈಗ ತಿಳಿಯಿತು. ಆ ಗಲ್ಲವನ್ನು ಹಿಡಿದು ಹಿಡಿದು ನಾನೇ ತಿರುಗಿಸುತ್ತಿದ್ದೆನಲ್ಲ. ಅವ್ವ ರೊಟ್ಟಿ ಬಡಿಯುತ್ತ ಯಾವ ಸ್ತೋತ್ರವನ್ನೂ ಹೇಳುತ್ತಿರಲಿಲ್ಲ. ಗಂಡನ ಜೊತೆ ಹರಟೆ ಹೊಡೆಯುತ್ತಿದ್ದಳು. ಅವರಿಬ್ಬರ ಆಯುಷ್ಯದ ಅಷ್ಟೂ ಮಾತುಕತೆ ನನ್ನ ಕಣ್ಣ ಮುಂದೆಯೇ ನಡೆದುಹೋಗಿತ್ತು, ನನಗೆ ಒಂದೂ ಕೇಳಿಸಿರಲಿಲ್ಲ.

ಉಳಿದದ್ದನ್ನು ಅವಳೇ ಹೇಳಿದಳು. ಅವಳು ಗೌರವ್ವ, ತೇರದಾಳದವಳು. ಅಪ್ಪ ನೇಯುತ್ತಿದ್ದ ಕಾರ್ಖಾನೆಯಲ್ಲೇ ಮಗ್ಗಗಳಿಗೆ ನೂಲು ಸುತ್ತಿಕೊಡುವ ಕೆಲಸ ಮಾಡುತ್ತಿದ್ದವಳು, ಅದಕ್ಕೇ ಅವಳ ಗುರುತು ಗರಗರ ತಿರುಗುವ ಬೆರಳು. ನಾಲ್ಕು ಬೆರಳೆಂದರೆ ಸಿದ್ದಪ್ಪ. ಅಪ್ಪನ ಪಕ್ಕದ ನಾಲ್ಕನೇ ಮಗ್ಗದವನು, ಮುಧೋಳದಲ್ಲಿ ಮಗನ ಮನೆಯಲ್ಲಿದ್ದ. ರಕ್ತದೊತ್ತಡ ನೋಡಿಸಿಕೊಳ್ಳಲು ಆಸ್ಪತ್ರೆಗೆ ಬಂದಾಗ ಪಲ್ಲವಿಯ ಹತ್ತಿರ, ಬನಹಟ್ಟಿಯ ಮಲ್ಲಪ್ಪ ಗೊತ್ತೇನು ಎಂದು ಕೇಳಿದ್ದನಂತೆ. ಅಲ್ಲಿಂದ ಪಲ್ಲವಿಯ ತಲೆಯಲ್ಲಿ ಈ ಯೋಚನೆ ಬಂದದ್ದು. ಮೂವರಿಗೂ ಓದಲು ಅಷ್ಟಕ್ಕಷ್ಟೇ, ಕಿವಿಯಂತೂ ಒಬ್ಬರಿಗೂ ಇಲ್ಲ. ಸಿದ್ದಪ್ಪನಿಂದ ಗೌರವ್ವನ ಪತ್ತೆ ಹಚ್ಚಿ, ಪಲ್ಲವಿ ಮೂರೂ ಫೋನಿನಲ್ಲಿ ಮುಖಗಳ ಫೋಟೋ ಹಾಕಿ, ಮುಖ ಒತ್ತಿದರೆ ಸಾಕು ಎಂದು ಕಲಿಸಿದ್ದಳು.

"ದಿನಾ ಹತ್ತಕ್ಕ ಹಾಜರಿ" ಎಂದಳು ಗೌರವ್ವ. "ಕಾರ್ಖಾನ್ಯಾಗ ಸಾವ್ಕಾರ ತಗೋತಿದ್ನಲ್ಲ, ಹಂಗ. ಒಬ್ಬರಾದ ಮ್ಯಾಲ ಒಬ್ಬರ ಮಾರಿ ಒತ್ತೂದು. ಮೂರನೇ ಮಗ್ಗ ಬಂತೋ, ನಾಕನೇದು ಬಂತೋ. ಉಂಡಿಯೋ ಇಲ್ಲೋ, ಎಷ್ಟ ರೊಟ್ಟಿ. ಒಂದ ರೊಟ್ಟಿ ಅಂದರ ಬೈಯೂದು. ಅದಕ್ಕ ಅಂವಾ ಎರಡು ತಿಂತಿದ್ದ."

ಶಾರದಾ ಬಿಕ್ಕಿದಳು. ಗೌರವ್ವ ಮುಂದುವರಿಸಿದಳು. ಹನ್ನೆರಡು ದಿನದ ಹಿಂದೆ ಅಪ್ಪನ ಮುಖ ಬರುವುದು ನಿಂತಿತು. ಎಷ್ಟು ಒತ್ತಿದರೂ ಬರಲಿಲ್ಲ. ಅದೇ ವಾರ ಸಿದ್ದಪ್ಪ ಹಾಸಿಗೆ ಹಿಡಿದ. ಸೊಸೆ ಫೋನನ್ನು ಅವನ ಮುಖದ ಮುಂದೆ ಹಿಡಿಯುತ್ತಿದ್ದಳು. ಅವನು ಪ್ರತಿದಿನ ಮೂರು ಬೆರಳು ಎತ್ತಿ ಕೇಳುತ್ತಿದ್ದ. ಇಲ್ಲ ಎಂದು ಗೌರವ್ವ ಕೈಯಾಡಿಸುತ್ತಿದ್ದಳು. ಕಡೆಯ ದಿನ ಬೆರಳು ಎತ್ತಲು ಆಗದೆ ತುಟಿಯಲ್ಲೇ, "ಮಲ್ಯಾ ನನಕಿಂತ ಮದಲ ಹೋದನಲ್ಲ" ಅಂದನಂತೆ. ಸಿದ್ದಪ್ಪ ಹೋಗಿ ಮೂರು ದಿನವಾಗಿತ್ತು. ಗೌರವ್ವ ಮುಧೋಳಕ್ಕೆ ಹೋಗಿ ಅವನ ಮಣ್ಣು ಮುಗಿಸಿ ಬಂದು, ಮಲ್ಲಪ್ಪನ ಮನೆಗೂ ಒಂದು ಸಲ ಹೋಗಿ ಅತ್ತು ಬರಬೇಕು ಎಂದು ಬುತ್ತಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದ್ದಳು.

"ಯಾಕ ಬರಲಿಲ್ಲೋ ನೀ?" ಎಂದು ಅವಳು ಅಪ್ಪನನ್ನು ಕೇಳಿದಳು. ಅಪ್ಪ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಉತ್ತರ ನಾನು ಕೊಡುತ್ತೇನೋ ಇಲ್ಲವೋ ಎಂದು ನೋಡಿದ, ಅಷ್ಟೇ.

ನಾನು ಹೋಗಿ ಅಪ್ಪನ ಎದುರಿಗೆ ಕುಳಿತೆ. ಆರು ವರ್ಷದಲ್ಲಿ ಮೊದಲ ಸಲ, ಅವನಿಗೆ ಹೇಳಬೇಕಾದದ್ದನ್ನು ಅವನ ಮುಖ ನೋಡಿ ಹೇಳಿದೆ. "ಅಪ್ಪಾ, ಫೋನ್ ಕೆಟ್ಟಿರಲಿಲ್ಲ. ನಾನ ಮುಚ್ಚಿಟ್ಟಿದ್ದೆ."

"ಗೊತ್ತೈತಿ" ಎಂದ ಅಪ್ಪ. "ನಿಮ್ಮವ್ವನ ಟ್ರಂಕಿನ್ಯಾಗ ಐತಿ. ಕೀಲಿ ದೇವರ ಗೂಡಿನ್ಯಾಗ ಐತಿ."

ಆ ಗೂಡು ಅವನು ದಿನಾ ಕೈಮುಗಿಯುವ ಜಾಗ. ಕೈ ಚಾಚಿದರೆ ಕೀಲಿ, ನಾಲ್ಕು ಹೆಜ್ಜೆ ಇಟ್ಟರೆ ಟ್ರಂಕು. "ಗೊತ್ತಿದ್ದೂ ಯಾಕ ತಗೋಲಿಲ್ಲ?" ಎಂದು ಕೇಳುವಷ್ಟರಲ್ಲಿ ನನ್ನ ದನಿ ಒಡೆಯಿತು. ದನಿ ಒಡೆದದ್ದು ಅವನಿಗೆ ಗೊತ್ತಾಗಿರಲಿಕ್ಕಿಲ್ಲ, ತುಟಿ ನಡುಗಿದ್ದು ಗೊತ್ತಾಗಿರಬೇಕು.

"ಮಗಾ ಮುಚ್ಚಿಟ್ಟದ್ದನ್ನ ಅಪ್ಪ ಆದಾಂವ ಕಳವು ಮಾಡಬೇಕೇನು?" ಎಂದ. "ನೀನ ಕೊಡತಿ ಅಂದ್ಕೊಂಡಿದ್ದೆ."

ತುಟಿ ಓದಲು ಬರುತ್ತದೆಂದು ಒಂದು ದಿನವಾದರೂ ಯಾಕೆ ಹೇಳಲಿಲ್ಲ ಎಂದು ಶಾರದಾ ಅಳುತ್ತಲೇ ಕೇಳಿದಳು. ಅಪ್ಪ ಅವಳ ಕಡೆ ತಿರುಗಿದ. "ನಿಮ್ಮತ್ತಿ ಹೋದ ಮ್ಯಾಲ ಹೇಳೂಣು ಅಂದ್ಕೊಂಡಿದ್ದೆವಾ. ಆದರ ನೀವು ಆರಾಮ ಮಾತಾಡತಿದ್ರಿ. ಹೇಳಿದ್ದರ ನನ್ನ ಮುಂದ ಬಾಯಿ ಮುಚ್ಚತಿದ್ರಿ. ಮನ್ಯಾಗ ಇದ್ದಷ್ಟ ಮಾತೂ ಹೋಗತಿತ್ತು ನನಗ."

ನಮ್ಮ ಆ ಮಾತುಗಳನ್ನು, ಅವನ ಬಗ್ಗೆಯೇ ಆಡಿದ ಆ ಮಾತುಗಳನ್ನು, ಕಳೆದುಕೊಳ್ಳಬಾರದೆಂದು ಅವನು ಸುಮ್ಮನಿದ್ದನಂತೆ. ನಾನು ಎದ್ದು ಟ್ರಂಕು ತೆಗೆದೆ. ಅವ್ವನ ಸೀರೆಗಳ ನಡುವೆ ಫೋನು ಸತ್ತು ಬಿದ್ದಿತ್ತು. ಚಾರ್ಜಿಗೆ ಹಾಕಿ ಹೊತ್ತಿಸಿದಾಗ ಗೌರವ್ವನ ಮುಖ ಸಾಲುಸಾಲಾಗಿ ಬಂತು. ನಾಲ್ಕನೇ ಮಗ್ಗದ ಮುಖವೂ ಒಂಬತ್ತು ಸಲ ಬಂದಿತ್ತು. ಅಪ್ಪ ಆ ಮುಖವನ್ನು ಒತ್ತಿದ. ಆ ಕಡೆ ಯಾರೂ ಎತ್ತಲಿಲ್ಲ. ಅವನು ಫೋನಿಗೆ ಮೂರು ಬೆರಳು ತೋರಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿದ, ನಂತರ ಕೆಳಗಿಟ್ಟ. ಆಮೇಲೆ ಬಿದ್ದ ಬುತ್ತಿಯ ಗಂಟು ಬಿಚ್ಚಿದ. ಜೋಳದ ರೊಟ್ಟಿ, ಬ್ಯಾಳಿ ಪಲ್ಯ, ಮೊಸರನ್ನ. ತನ್ನ ಸಾವಿಗೆ ಬಂದ ಊಟವನ್ನು ಬಡಿಸಿಕೊಂಡು, "ಇದು ಸಿದ್ಯಾನ ಹೆಸರಲೆ" ಎಂದು ಮೊದಲ ತುತ್ತನ್ನು ಎಲೆಯ ಪಕ್ಕ ತೆಗೆದಿಟ್ಟು ಉಂಡ. ಎರಡು ರೊಟ್ಟಿ ತಿಂದ. ಗೌರವ್ವ ಎಣಿಸಿದಳು.

ಮಿರಗದ ಮೊದಲ ಮಳೆ ಬರುವಷ್ಟರಲ್ಲಿ ನಮ್ಮ ಮನೆಯ ರೀತಿಯೇ ಬದಲಾಯಿತು. ಶಾರದಾ ಮಾವನ ಎದುರಿಗೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಸದ್ದಿಲ್ಲದೆ ಅವರಿಬ್ಬರೂ ನನ್ನ ಬಗ್ಗೆ ಏನೇನೋ ಮಾತಾಡಿ ನಗುತ್ತಾರೆ. ನನಗೆ ತುಟಿ ಓದಲು ಬರುವುದಿಲ್ಲ, ಈಗ ಮನೆಯಲ್ಲಿ ಕಿವುಡ ಎಂದರೆ ನಾನೇ. ಕೈಸನ್ನೆ ಮಾತ್ರ ಅಷ್ಟಿಷ್ಟು ಕಲಿತಿದ್ದೇನೆ. ಹತ್ತರ ಹಾಜರಿ ಇವತ್ತಿಗೂ ನಡೆಯುತ್ತಿದೆ, ಇಬ್ಬರದೇ. ಆದರೆ ಚಹಾ ಕುಡಿಯುತ್ತ ಆಡಿದ ಆ ಒಂದು ಮಾತಿನ ಬಗ್ಗೆ ನಾನು ಅಪ್ಪನಿಗೆ ಏನೂ ಹೇಳಿರಲಿಲ್ಲ. ಮೂರು ವರ್ಷದಿಂದ ಎದುರಿಗೆ ಕುಳಿತಾಗಲೆಲ್ಲ ಅದು ತುಟಿಯವರೆಗೆ ಬರುತ್ತಿತ್ತು. ತುಟಿಗೆ ಬಂದರೆ ಅವನಿಗೆ ಕಂಡುಬಿಡುತ್ತದೆ ಎಂದು ನಾನು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದೆ.

ಹೋದ ವಾರ ರಬಕವಿಯ ಆ ಕಟ್ಟೆಯ ಮೇಲೆ ಕುಳಿತಾಗ ನನಗೇನು ಅನ್ನಿಸಿತೋ, ಹಾಜರಿ ಆಗಷ್ಟೇ ಮುಗಿದು ಫೋನು ಅವನ ಎದುರಿಗೇ ಇರುತ್ತದೆಂದು, ನನ್ನ ಫೋನು ತೆಗೆದು ಅಪ್ಪನ ಮುಖ ಒತ್ತಿದೆ. ಅವನು ಬಂದ, ಟೊಪ್ಪಿಗೆ ಸಮೇತ. ನಿಂತ ಮಗ್ಗಗಳನ್ನು, ಹೊಸ್ತಿಲಲ್ಲಿ ನಿಂತ ನೇಕಾರರನ್ನು ತೋರಿಸಿದೆ. ಅವನ ಕಣ್ಣು ಅರಳಿತು. ನಾನು ಫೋನನ್ನು ನನ್ನ ಮುಖಕ್ಕೆ ನೇರ ಹಿಡಿದು, "ಅಪ್ಪಾ" ಅಂದೆ. ಅಷ್ಟರಲ್ಲೇ ಕರೆಂಟು ಬಂತು. ಇಡೀ ಓಣಿ ಖಟಖಟ ಹೊಡೆದುಕೊಳ್ಳತೊಡಗಿತು. ಆ ಸದ್ದಿನ ನಡುವೆ, "ಆವತ್ತ ನಾ ಆ ಮಾತ ಆಡಬಾರದಿತ್ತಪ್ಪಾ, ತಪ್ಪಾತು" ಅಂದೆ. ಪಕ್ಕದಲ್ಲಿ ನಿಂತವನಿಗೆ ಕೇಳಿಸಿರಲಿಕ್ಕಿಲ್ಲ, ನನ್ನ ಮಾತು ನನಗೇ ಕೇಳಿಸಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದ. ಆಮೇಲೆ ಕೈ ಎತ್ತಿ ತಲೆಯ ಸುತ್ತ ಸುತ್ತಿಸಿದ. ಸಾವ್ಕಾರ ಬಂದ, ಮಾತು ಬಿಟ್ಟು ಕೆಲಸ ನೋಡು. ನಾನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಫೋನು ನೋಡಿದಾಗ ಅವನು ಮೈ ಕುಲುಕಿಸಿ ನಗುತ್ತಿದ್ದ.